ಎರೆ ಹೊಲಕ್ಕೊಂದು ಪುಟ್ಟ ಟ್ರ್ಯಾಕ್ಟರು

ಎತ್ತು ಕೊಳ್ಳುವುದು ನಮ್ಮ ಹಿರಿಯರಿಗೆ ಒಂದು ಶಾಸ್ತ್ರವೇ ಆಗಿತ್ತು. ಜಾತ್ರೆಯ ಬಯಲಿನಲ್ಲಿ ಸಾಲುಸಾಲಾಗಿ ಕಟ್ಟಿದ ಜೋಡಿಗಳ ನಡುವೆ ಅವರು ಅವಸರವಿಲ್ಲದೆ ಓಡಾಡುತ್ತಿದ್ದರು. ಬಾಯಿ ಬಿಡಿಸಿ ಹಲ್ಲು ನೋಡುವರು. ಗೊರಸನ್ನು ಎತ್ತಿಸಿ ನೋಡುವರು. ಹಣೆಯ ಸುಳಿ, ಬೆನ್ನ ಸುಳಿ ಎಲ್ಲೆಲ್ಲಿವೆಯೆಂದು ಕೈಯಾಡಿಸಿ ಪರೀಕ್ಷಿಸುವರು. ನಾಲ್ಕು ಮಾರು ನಡೆಸಿ ಹೆಜ್ಜೆಯ ಗತಿಯನ್ನು ಗಮನಿಸುವರು. ಎಲ್ಲವೂ ಮನಸ್ಸಿಗೆ ಬಂದ ಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಈ ಇಡೀ ವ್ಯವಹಾರದಲ್ಲಿ ಅವರು ಎಂದೂ ಕೇಳದಿದ್ದ ಪ್ರಶ್ನೆಯೊಂದಿದೆ: ಈ ಜೋಡಿಯ ಶಕ್ತಿ ಎಷ್ಟು? ಹೊಲ ಯಾವುದು, ಕೆಲಸ ಯಾವುದು, ಮನೆಯಲ್ಲಿ ಮೇವು ಎಷ್ಟಿದೆ ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಹೊರಟವರಿಗೆ ಆ ಪ್ರಶ್ನೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಟ್ರ್ಯಾಕ್ಟರಿಗೆ ಹಲ್ಲಿಲ್ಲ, ಸುಳಿಯಿಲ್ಲ. ಅಂಗಡಿಯ ಮುಂದೆ ಹೊಸ ಬಣ್ಣದಲ್ಲಿ ಮಿರುಗುತ್ತ ನಿಂತಿರುವ ಯಂತ್ರವನ್ನು ಕಂಡವನು ಬಾಯಿ ತೆರೆದರೆ ಹೊರಡುವ ಮೊದಲನೆಯ ಮಾತೇ ‘ಎಷ್ಟು ಎಚ್.ಪಿ.?’ ಎಂಬುದು. ಮಾರುವವನೂ ಅದಕ್ಕೇ ಕಾದಿರುತ್ತಾನೆ. ಹದಿನೈದೆಂದರೆ ಕೊಳ್ಳುವವನ ಮುಖ ಸಪ್ಪಗಾಗುತ್ತದೆ, ನಲವತ್ತೈದೆಂದರೆ ಅರಳುತ್ತದೆ. ಹೀಗೆ ಅರಳಿದ ಮುಖಗಳಲ್ಲಿ ಕೆಲವು ಮೂರು ನಾಲ್ಕು ವರ್ಷಗಳಲ್ಲಿ ಬಾಡಿದ್ದನ್ನು ನಾನು ಕಂಡಿದ್ದೇನೆ. ಆದುದರಿಂದಲೇ, ಚೌಡಾಪುರದಲ್ಲಿ ಒಕ್ಕಲುತನ ಮಾಡುತ್ತಿರುವ ನನ್ನ ಅಣ್ಣನ ಮಗ ಒಂದು ದಿನ ಫೋನು ಮಾಡಿ, “ಕಾಕಾ, ಒಂದು ಸಣ್ಣ ಟ್ರ್ಯಾಕ್ಟರ್ ತಗೋಬೇಕಂತ ಮಾಡೀನಿ, ನೀವೂ ಬಂದು ಒಂದ್ಮಾತು ಹೇಳ್ರಿ” ಎಂದಾಗ, ಹೇಳುವುದು ಹೆಚ್ಚೇನೂ ಇಲ್ಲದಿದ್ದರೂ ಹೊರಟುಹೋದೆ.

ಚೌಡಾಪುರವನ್ನು ನೋಡದ ಓದುಗರಿಗೆ ಎರಡು ಮಾತು ಹೇಳಬೇಕು. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ, ದೇವಲ ಗಾಣಗಾಪುರಕ್ಕೆ ಹೊರಳುವ ಕವಲಿನ ಊರು ಅದು. ದತ್ತನ ದರ್ಶನಕ್ಕೆಂದು ಹೊರಟ ಯಾತ್ರಿಕರು ಅಲ್ಲಿ ಚಹಾ ಕುಡಿಯಲು ಇಳಿಯುತ್ತಾರೆ; ಸುತ್ತಲಿನ ಹೊಲಗಳ ಕಡೆಗೆ ಅವರ ಕಣ್ಣು ಹೋಗುವುದು ಅಪರೂಪ. ಭೀಮೆಯೂ ಅಮರ್ಜೆಯೂ ಕೂಡುವ ಸಂಗಮ ಗಾಣಗಾಪುರದಲ್ಲಿದೆಯಾದರೂ ಹೊಳೆಯ ನೀರು ಎಲ್ಲ ಹೊಲಗಳಿಗೂ ಏರಿ ಬರುವುದಿಲ್ಲ. ನೀರಿದ್ದವರು ಕಬ್ಬು ಹಚ್ಚಿ ಹವಳಗಾದ ಕಾರ್ಖಾನೆಯ ಕಡೆಗೆ ಮುಖ ಮಾಡಿದ್ದಾರೆ. ಇಲ್ಲದವರದು ಮಳೆಯನ್ನು ನಂಬಿದ ತೊಗರಿ, ಹೆಸರು, ಉದ್ದು, ಹಿಂಗಾರಿಗೆ ಜೋಳ ಮತ್ತು ಕಡಲೆ. ೨೦೧೯ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಗುಲಬರ್ಗಾ ತೊಗರಿಬೇಳೆಯ ತವರು ಈ ಸೀಮೆಯ ಕಪ್ಪು ಎರೆಯೇ.

ನನ್ನ ಅಣ್ಣನ ಮಗನಿಗೆ ಇರುವುದು ಏಳು ಎಕರೆ. ೨೦೨೨ರಲ್ಲಿ ನಾಡಿನ ತುಂಬ ಹಬ್ಬಿದ ಚರ್ಮಗಂಟು ರೋಗದಲ್ಲಿ ಅವನ ಜೋಡೆತ್ತುಗಳಲ್ಲೊಂದು ಸತ್ತಿತು. ಒಂಟಿ ಎತ್ತಿನಿಂದ ಗಳೆ ನಡೆಯುವುದಿಲ್ಲ. ಎರಡು ಹಂಗಾಮು, ಅವನಂತೆಯೇ ಒಂದೆತ್ತು ಕಳೆದುಕೊಂಡ ಇನ್ನೊಬ್ಬರೊಡನೆ ಜೋಡಿ ಮಾಡಿಕೊಂಡು, ಒಂದು ದಿನ ಅವರ ಹೊಲ, ಒಂದು ದಿನ ಇವನ ಹೊಲ ಎಂದು ಸಾಗಿಸಿದ. ಒಂದರ ಹೆಜ್ಜೆಗೆ ಒಂದರ ಹೆಜ್ಜೆ ಕೂಡಲಿಲ್ಲ. ಹೊಸ ಎತ್ತು ತರೋಣವೆಂದರೆ ಬೆಲೆಗಿಂತ ದೊಡ್ಡ ಸಂಗತಿ ಅದನ್ನು ನೋಡಿಕೊಳ್ಳುವವರು ಯಾರೆಂಬುದು. “ಎತ್ತ ಬೇಡ ಅಂತ ಅಲ್ಲ ಕಾಕಾ. ದಿನಾ ಮುಂಜಾನೆ ಎದ್ದು ಮೇವು ಹಾಕ್ಲಾಕ, ಸಗಣಿ ಬಳೀಲಾಕ ಮನ್ಯಾಗ ಮಂದಿ ಎಲ್ಲಿದ್ದಾರ? ಹುಡುಗರಿಬ್ಬರೂ ಕಲಬುರಗ್ಯಾಗ ಓದ್ಲಾಕತ್ಯಾರ” ಎಂದ. ಅವನ ಮಾತಿನಲ್ಲಿ ಹೊಸತರ ಮೋಹವಿರಲಿಲ್ಲ. ಬೇರೆ ದಾರಿ ಮುಚ್ಚಿದ್ದನ್ನು ಅವನು ಲೆಕ್ಕ ಹಾಕಿ ಕಂಡುಕೊಂಡಿದ್ದ.

ಅವನ ಮುಂದೆ ಮೂರು ದಾರಿಗಳಿದ್ದವು. ಬಾಡಿಗೆಯ ಟ್ರ್ಯಾಕ್ಟರಿನಿಂದಲೇ ಎಲ್ಲವನ್ನೂ ಮಾಡಿಸುವುದು ಒಂದು. ಸುಮಾರು ನಲವತ್ತು ಅಶ್ವಶಕ್ತಿಯ ಹಳೆಯದೊಂದನ್ನು ಕೊಂಡು, ಉಳಿದ ದಿನಗಳಲ್ಲಿ ಕಬ್ಬಿನ ಟ್ರಾಲಿ ಎಳೆದು ಕಂತು ತೀರಿಸುವುದು ಇನ್ನೊಂದು. ಊರ ಕಟ್ಟೆಯ ಬೆಂಬಲವೆಲ್ಲ ಇದಕ್ಕೇ ಇತ್ತು. ಹೊಸದಾದ ಸಣ್ಣ ಯಂತ್ರವನ್ನು ಕೊಳ್ಳುವುದು ಮೂರನೆಯದು. ಎರಡನೆಯ ದಾರಿಯಲ್ಲಿ ಹೋದ ಒಬ್ಬರ ಮನೆ ಅದೇ ಓಣಿಯಲ್ಲಿದೆ. ಅವರು ದೊಡ್ಡ ಟ್ರ್ಯಾಕ್ಟರು ತಂದಾಗ ಓಣಿಯೇ ನೆರೆದಿತ್ತು. ಆ ವರ್ಷ ಕಬ್ಬಿನ ಬಾಡಿಗೆ ಚೆನ್ನಾಗಿ ಸಿಕ್ಕಿತು; ಮರುವರ್ಷ ಟ್ರ್ಯಾಕ್ಟರುಗಳೇ ಹೆಚ್ಚಾಗಿ ಬಾಡಿಗೆ ಹಂಚಿಹೋಯಿತು; ಮೂರನೆಯ ವರ್ಷ ಮಳೆ ಕೈಕೊಟ್ಟಿತು. ಸಾಲ ಕೊಟ್ಟವರು ಯಂತ್ರವನ್ನು ಒಯ್ದ ಮೇಲೂ ಬಾಕಿ ಉಳಿದು, ಒಂದೂವರೆ ಎಕರೆ ಕೈಬಿಟ್ಟಿತು. ಏಳು ಎಕರೆಯ ಒಕ್ಕಲಿಗನಿಗೆ ಒಂದೂವರೆ ಎಕರೆಯೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಟ್ರ್ಯಾಕ್ಟರು ಯಾವ ಕೆಲಸಕ್ಕೆ ಬೇಕು? ನಾವಿಬ್ಬರೂ ಕುಳಿತು ವರ್ಷದ ಕೆಲಸಗಳನ್ನು ಒಂದೊಂದಾಗಿ ಎಣಿಸಿದೆವು. ಬೇಸಿಗೆಯಲ್ಲಿ ಎರೆಯನ್ನು ಆಳವಾಗಿ ಮಗುಚುವ ಪಲ್ಟಿ ನೇಗಿಲಿನ ಕೆಲಸ ದೊಡ್ಡ ಟ್ರ್ಯಾಕ್ಟರಿನದೇ; ಸಣ್ಣದಕ್ಕೆ ಅದು ಸಲ್ಲದು. ಆದರೆ ಅದು ಪ್ರತಿವರ್ಷ ಬೇಕಾಗುವುದಿಲ್ಲ. ಬೇಕಾದ ವರ್ಷವೂ ಏಪ್ರಿಲ್ ಮೇ ತಿಂಗಳಲ್ಲಿ ಯಾವ ದಿನ ಮಾಡಿದರೂ ನಡೆಯುತ್ತದೆ. ಬಾಡಿಗೆಗೆ ಹೇಳಿ, ಇಂದಲ್ಲದಿದ್ದರೆ ನಾಳೆ ಬರಲಿ ಎಂದು ಕಾಯಬಹುದು. ಮೊದಲ ಮಳೆಯ ಮೇಲೆ ಹರಗುವುದು, ಬಿತ್ತುವುದು, ಬಿತ್ತಿದ ಮೇಲೆ ಎಡೆ ಹೊಡೆಯುವುದು, ಹೂವು ಕಾಯಿಯ ಕಾಲಕ್ಕೆ ಔಷಧ ಸಿಂಪಡಿಸುವುದು: ಇವು ಹಾಗಲ್ಲ. ಇವಕ್ಕೆಲ್ಲ ದಿನ ಗೊತ್ತುಮಾಡುವವನು ಒಕ್ಕಲಿಗನಲ್ಲ, ಮಳೆ.

ಎರೆಯ ಸ್ವಭಾವವನ್ನು ಅರಿಯದೆ ಈ ಮಾತು ಅರ್ಥವಾಗಲಾರದು. ದಖ್ಖನಿನ ಕಪ್ಪುಕಲ್ಲು ಸಾವಿರಾರು ವರ್ಷ ಕರಗಿ ಆದ ಮಣ್ಣು ಇದು. ಇದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳು; ಮಳೆಗಾಲದಲ್ಲಿ ಮೆಟ್ಟು ಕಿತ್ತುಹೋಗುವಷ್ಟು ಅಂಟು. ಒಂದು ಒಳ್ಳೆಯ ಮಳೆ ಬಿದ್ದಿತೆನ್ನಿ. ಮೊದಲೆರಡು ದಿನ ಹೊಲಕ್ಕೆ ಕಾಲಿಡುವಂತಿಲ್ಲ. ಹೆಜ್ಜೆಗೊಮ್ಮೆ ಒಂದು ಸೇರು ಮಣ್ಣು ಪಾದಕ್ಕೆ ಹತ್ತಿಬರುತ್ತದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಮುಷ್ಟಿಯಲ್ಲಿ ಹಿಡಿದ ಮಣ್ಣು ಮುದ್ದೆಯಾಗದೆ ಪುಡಿಯಾಗಿ ಉದುರುತ್ತದೆ. ಅದೇ ಹದ. ಬಿಸಿಲು ಗಾಳಿ ಜೋರಾಗಿದ್ದರೆ ಮತ್ತೆರಡು ಮೂರು ದಿನಗಳಲ್ಲಿ ಮೇಲ್ಮೈ ಬಿಗಿದುಕೊಂಡು ಕುಂಟೆಯ ಕುಡ ಇಳಿಯದಂತಾಗುತ್ತದೆ. ಇಲ್ಲವೇ ಇನ್ನೊಂದು ಮಳೆ ಬಂದು ಲೆಕ್ಕ ಮೊದಲಿಗೇ ನಿಲ್ಲುತ್ತದೆ. ತೊಗರಿಯಾದರೋ ಹುಟ್ಟಿದ ಮೊದಲ ಆರೇಳು ವಾರ ಬಲು ನಿಧಾನವಾಗಿ ಬೆಳೆಯುವ ಪೈರು. ಆ ದಿನಗಳಲ್ಲಿ ಒಂದು ಎಡೆ ತಪ್ಪಿದರೆ ಕಳೆ ತೊಗರಿಯ ತಲೆಯ ಮೇಲೆ ನಿಲ್ಲುತ್ತದೆ.

ಬಾಡಿಗೆಯ ಏರ್ಪಾಟು ಮುರಿಯುವುದು ಇಲ್ಲಿಯೇ. ೨೦೧೪-೧೫ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳ ಉದ್ದೇಶ ಬಹಳ ಒಳ್ಳೆಯದು. ಸಣ್ಣ ಒಕ್ಕಲಿಗನು ಸಾಲದ ಉರುಲಿಗೆ ಬೀಳದೆ ಯಂತ್ರದ ಉಪಯೋಗ ಪಡೆಯಬಹುದು. ಖಾಸಗಿ ಬಾಡಿಗೆಯವರೂ ಊರೂರಲ್ಲಿ ಉಂಟು. ಆದರೆ ಒಂದೇ ಮಳೆ ಇಡೀ ಸೀಮೆಯ ಮೇಲೆ ಬೀಳುತ್ತದೆ. ಒಂದೇ ದಿನ ಎಲ್ಲರ ಹೊಲಕ್ಕೂ ಹದ ಬರುತ್ತದೆ. ಆ ದಿನ ಟ್ರ್ಯಾಕ್ಟರು ಮೊದಲು ಹೋಗುವುದು ಇಪ್ಪತ್ತು ಎಕರೆ ಇದ್ದವನ ಹೊಲಕ್ಕೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಒಂದೇ ಕಡೆ ದಿನವಿಡೀ ಕೆಲಸವಿರುವಾಗ ಏಳೆಕರೆಯ ತುಂಡಿಗೆ ಯಾರು ಹೊರಳಿಯಾರು? ಏಳೆಕರೆಯವನ ಸರದಿ ಬರುವ ಹೊತ್ತಿಗೆ ಹದ ಆರಿರುತ್ತದೆ. ಎಂದಮೇಲೆ ಅವನು ಸ್ವಂತ ಯಂತ್ರಕ್ಕೆ ಹಣ ಸುರಿಯುವುದು ಅಶ್ವಶಕ್ತಿಗಾಗಿ ಅಲ್ಲ, ಆ ಎರಡು ಮೂರು ದಿನಗಳಿಗಾಗಿ. ಈ ಮಾತು ನಮ್ಮಿಬ್ಬರಲ್ಲಿ ಸ್ಪಷ್ಟವಾದ ಮೇಲೆ ಮುಂದಿನ ವಿಚಾರವೆಲ್ಲ ಸುಲಭವಾಯಿತು.

ಸ್ವಾರಸ್ಯವೆಂದರೆ, ಇದೇ ತೀರ್ಮಾನಕ್ಕೆ ಬಂದ ಇನ್ನೊಬ್ಬ ನಮ್ಮ ಬಳಗದಲ್ಲೇ ಇದ್ದ. ನನ್ನ ತಂಗಿಯ ಮಗ ಅಮೆರಿಕದ ಮಿನೆಸೋಟದಲ್ಲಿದ್ದಾನೆ. ಪಟ್ಟಣದ ಹೊರಗೆ ಮನೆ. ರಸ್ತೆಯಿಂದ ಬಾಗಿಲವರೆಗೆ ಉದ್ದವಾದ ಓಣಿಯಂಥ ದಾರಿ. ಚಳಿಗಾಲದಲ್ಲಿ ಒಂದು ರಾತ್ರಿ ಬಿದ್ದ ಹಿಮ ಮೊಣಕಾಲು ಮುಟ್ಟುವುದುಂಟಂತೆ. ಹಿಮ ತೆಗೆಯಲು ಗುತ್ತಿಗೆಯವರು ಅಲ್ಲಿಯೂ ಇದ್ದಾರೆ. “ಅವರು ಬರೂದು ಹತ್ತಕ್ಕ ಮಾಮಾ, ನಾ ಕೆಲಸಕ್ಕ ಹೋಗೂದು ಆರಕ್ಕ” ಎಂದು ನಕ್ಕು ಹೇಳಿದ. ಹೊಸದಾಗಿ ಬಿದ್ದ ಹಿಮ ಹಗುರ, ಹಿಂಜಿದ ಹತ್ತಿಯಂಥದು. ಅದರ ಮೇಲೆ ಕಾರು ಹಾಯ್ದರೆ ಒತ್ತಿ ಗಟ್ಟಿಯಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅರೆಬರೆ ಕರಗಿ, ರಾತ್ರಿ ಮರಳಿ ಹೆಪ್ಪುಗಟ್ಟಿದರೆ ಗಾಜಿನಂಥ ನೀರ್ಗಲ್ಲು. ಇದರ ಮೇಲೆ ಊರಾಡಳಿತದ ಯಂತ್ರ ದೊಡ್ಡ ರಸ್ತೆಯನ್ನು ಬಳಿಯುತ್ತ ಹೋಗುವಾಗ ಪ್ರತಿ ಮನೆಯ ದಾರಿಯ ಬಾಯಿಗೂ ಒಂದೊಂದು ಹಿಮದ ಒಡ್ಡು ಹಾಕಿ ಹೋಗುತ್ತದೆಯಂತೆ! ಅಂದರೆ ಹಿಮಕ್ಕೂ ಹದವುಂಟು. ಅವನು ಕೊಂಡದ್ದೂ ಇಪ್ಪತ್ತೈದು ಅಶ್ವಶಕ್ತಿಯ ಆಸುಪಾಸಿನ ಸಣ್ಣ ಟ್ರ್ಯಾಕ್ಟರೇ. ಬೇಸಿಗೆಯಲ್ಲಿ ಹುಲ್ಲು ಕೊಯ್ಯುತ್ತದೆ, ಚಳಿಗಾಲದಲ್ಲಿ ಹಿಮ ತೂರುವ ಯಂತ್ರವನ್ನು ತಿರುಗಿಸುತ್ತದೆ.

ಎರಡು ಕೆಲಸಗಳಿಗೂ ಒಂದೇ ಬಗೆಯ ಯಂತ್ರ ಹೇಗೆ ಒದಗಿತು? ಈ ಪುಟ್ಟ ಟ್ರ್ಯಾಕ್ಟರುಗಳ ಕುಲಮೂಲವನ್ನು ನೋಡಿದರೆ ತಿಳಿದೀತು. ಇವುಗಳ ತವರು ಬಹುಮಟ್ಟಿಗೆ ಜಪಾನಿನ ಸಣ್ಣ ಸಣ್ಣ ಭತ್ತದ ಗದ್ದೆ. ಕೆಸರಿನಲ್ಲಿ ಹೂಳದಷ್ಟು ಹಗುರ, ಬದುವಿನ ಮೂಲೆಯಲ್ಲಿ ತಿರುಗುವಷ್ಟು ಗಿಡ್ಡ, ನಾಲ್ಕೂ ಗಾಲಿಗಳಿಗೆ ಎಳೆತ. ಕುಬೋಟಾ ಕಂಪನಿ ೧೯೬೯ರಲ್ಲಿ ಎಲ್-೨೦೦ ಎಂಬ ಇಪ್ಪತ್ತೊಂದು ಅಶ್ವಶಕ್ತಿಯ ಯಂತ್ರವನ್ನು ಅಮೆರಿಕದ ಪೇಟೆಗೆ ಇಳಿಸಿತು. ಬೃಹತ್ ಹೊಲಗಳ ಆ ದೇಶದಲ್ಲಿ ಅದು ಹೊಕ್ಕದ್ದು ಹೊಲಗಳಿಗಿಂತ ಹೆಚ್ಚಾಗಿ ಮನೆಯ ಹಿತ್ತಲುಗಳಿಗೆ. ನಮ್ಮಲ್ಲಿ ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ ೧೯೬೭ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಪವರ್ ಟಿಲ್ಲರು ತಯಾರಿಕೆಗೆ ತೊಡಗಿ, ಮುಂದೆ ಸಣ್ಣ ಟ್ರ್ಯಾಕ್ಟರುಗಳಿಗೂ ಕೈಹಾಕಿತು. ಮಲೆನಾಡಿನ ಗದ್ದೆಗಳಲ್ಲಿ, ಅಡಕೆ ತೋಟಗಳಲ್ಲಿ ಇವುಗಳ ಪರಿಚಯ ಹಳೆಯದು. ನಮ್ಮ ಎರೆಸೀಮೆಗೆ ಬಂದದ್ದು ತಡವಾಗಿ. ‘ಇದು ಆಟಿಗೆ, ನಮ್ಮ ಎರೆ ಇದನ್ನು ನುಂಗೀತು’ ಎಂದು ಮೊದಲು ನಕ್ಕವರೇ ಹೆಚ್ಚು.

ಈ ನಗೆಗೆ ಸಲ್ಲುವ ಒಂದು ಉತ್ತರ ಚರಿತ್ರೆಯಲ್ಲಿದೆ. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ೧೯೫೮ರ ಜನವರಿ ೪ರಂದು ದಕ್ಷಿಣ ಧ್ರುವವನ್ನು ಮುಟ್ಟಿದ್ದು ಒಕ್ಕಲಿಗರ ಫರ್ಗ್ಯುಸನ್ ಟ್ರ್ಯಾಕ್ಟರುಗಳ ಮೇಲೆ. ನೆಲದ ಮೇಲೆ ಯಂತ್ರವಾಹನಗಳು ಧ್ರುವಕ್ಕೆ ಹೋದದ್ದು ಅದೇ ಮೊದಲು. ಅವುಗಳ ಶಕ್ತಿ ಮೂವತ್ತು ಅಶ್ವಶಕ್ತಿಗಿಂತ ಕಡಿಮೆ. ಇಂದು ನಾವು ‘ಮಿನಿ’ ಎಂದು ಕರೆಯುವ ವರ್ಗದ ಹತ್ತಿರ. ಹಿಲರಿ ದೊಡ್ಡ ಎಂಜಿನ್ನು ಹುಡುಕುತ್ತ ಹೋಗಲಿಲ್ಲ; ಗಾಲಿಗಳ ಸುತ್ತ ಸರಪಣಿಯಂಥ ಪಟ್ಟಿಗಳನ್ನು ತೊಡಿಸಿ, ಮೆತ್ತನೆಯ ಹಿಮದ ಮೇಲೆ ಭಾರ ಹರಡುವಂತೆ, ಹಿಡಿತ ಸಿಕ್ಕುವಂತೆ ಮಾಡಿದ. ಹಿಮವಾಗಲಿ ಎರೆಯಾಗಲಿ ಪ್ರಶ್ನೆ ಇದೇ: ಎಂಜಿನ್ನಿನೊಳಗಿನ ಶಕ್ತಿ ನೆಲಕ್ಕೆ ಇಳಿಯುವುದು ಹೇಗೆ? ಗಾಲಿ ಜಾರಿದರೆ ಐವತ್ತು ಅಶ್ವಶಕ್ತಿಯೂ ಕೆಸರನ್ನು ಕಡೆಯುವ ಕಡೆಗೋಲಷ್ಟೆ.

ಆ ಫರ್ಗ್ಯುಸನ್ನಿನ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಎಂಬ ಯಂತ್ರಜ್ಞ, ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಸರಪಳಿಯಿಂದ ಎಳೆಸುವ ಬದಲು ಮೂರು ಬಿಂದುಗಳಲ್ಲಿ ಅದರ ಮೈಗೇ ಜೋಡಿಸಿ, ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಏರ್ಪಾಟನ್ನು ರೂಪಿಸಿದ. ೧೯೩೯ರಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆಯಿಂದ ಅದು ಲೋಕಕ್ಕೆಲ್ಲ ಹರಡಿತು. ಈ ಜೋಡಣೆಯಲ್ಲಿ ನೇಗಿಲಿನ ಎಳೆತವೇ ಹಿಂದಿನ ಗಾಲಿಗಳನ್ನು ನೆಲಕ್ಕೆ ಒತ್ತುತ್ತದೆ. ಆದುದರಿಂದ ಹಗುರವಾದ ಟ್ರ್ಯಾಕ್ಟರೂ ತನ್ನ ತೂಕಕ್ಕೆ ಮೀರಿದ ಕೆಲಸ ಮಾಡಬಲ್ಲದು. ಇಂದು ಪ್ರಪಂಚದಲ್ಲಿ ಮಾರಾಟವಾಗುವ ಸಣ್ಣ ದೊಡ್ಡ ಟ್ರ್ಯಾಕ್ಟರುಗಳಲ್ಲಿ ಬಹುಪಾಲು ಈ ಉಪಕಾರಕ್ಕೆ ಋಣಿ.

ಇನ್ನು ಆಯ್ಕೆಯ ಮಾತಿಗೆ ಬರೋಣ. ಕಲಬುರಗಿಯಲ್ಲಿ ನಾವು ಎರಡು ದಿನ ಅಂಗಡಿಯಿಂದ ಅಂಗಡಿಗೆ ಅಲೆದೆವು. ಹದಿನೈದು ಅಶ್ವಶಕ್ತಿಯ ಒಂದೇ ಸಿಲಿಂಡರಿನ ಯಂತ್ರಗಳು ಅಗ್ಗ: ಸ್ವರಾಜ್ ೭೧೭, ಮಹೀಂದ್ರಾ ಯುವರಾಜ್ ೨೧೫ ಈ ಜಾತಿಯವು. ಎಂಜಿನ್ನು ಸರಳ, ಊರಿನ ಮೆಕ್ಯಾನಿಕನೂ ಬಿಚ್ಚಬಲ್ಲ. ಎಳೆತ ಮಾತ್ರ ಹಿಂದಿನ ಎರಡು ಗಾಲಿಗಳಿಗೇ. ಮಸಾರಿ ಮಣ್ಣಿಗೆ ಇವು ಧಾರಾಳ ಸಾಕು, ತುಸು ಹಸಿಯಿರುವ ಎರೆಗೆ ಸಂದೇಹ. ವಿ.ಎಸ್.ಟಿ.ಯ ಎಂ.ಟಿ. ೧೮೦-ಡಿ ಹದಿನೆಂಟೂವರೆ ಅಶ್ವಶಕ್ತಿಯದು, ಮೂರು ಸಿಲಿಂಡರು, ನಡುಕ ಕಡಿಮೆ. ಇಪ್ಪತ್ತನಾಲ್ಕು ಅಶ್ವಶಕ್ತಿಯ ಮಟ್ಟದಲ್ಲಿ ಮಹೀಂದ್ರಾ ಜೀವೋ ೨೪೫, ಕುಬೋಟಾ ಬಿ-೨೪೪೧ ಇವು ನಾಲ್ಕೂ ಗಾಲಿಗಳ ಎಳೆತದವು. ಹಿಂದಿನ ತೋಳುಗಳು ಏಳುನೂರೈವತ್ತು ಕಿಲೋ ಎತ್ತಬಲ್ಲವು. ೨೦೨೧ರಲ್ಲಿ ಬಂದ ಸ್ವರಾಜ್ ಕೋಡ್ ಎಂಬ ಹನ್ನೊಂದು ಅಶ್ವಶಕ್ತಿಯ ಪೆಟ್ರೋಲ್ ಯಂತ್ರವನ್ನೂ ನೋಡಿದೆವು. ತರಕಾರಿ ಬೆಳೆಯುವವರಿಗೆ ಅದು ಹೇಳಿ ಮಾಡಿಸಿದಂತಿದೆ. ನಮ್ಮ ಹೊಲಕ್ಕೆ ಎಳೆಯದು.

ಮಾರುವವರು ಹೇಳದೆ ನಾವೇ ಕೇಳಿ ತಿಳಿಯಬೇಕಾದ ಸಂಗತಿಗಳು ಕೆಲವಿದ್ದವು. ಹಿಂದೆ ತಿರುಗುವ ದಂಡಕ್ಕೆ, ಎಂದರೆ ಪಿ.ಟಿ.ಓ.ಗೆ, ತಲಪುವ ಶಕ್ತಿ ಎಂಜಿನ್ನಿನ ಶಕ್ತಿಗಿಂತ ಯಾವಾಗಲೂ ಕಡಿಮೆ. ರೋಟವೇಟರು, ಸಿಂಪಡಣೆಯ ಪಂಪು ಇವು ತಿರುಗುವುದು ಈ ಎರಡನೆಯ ಅಂಕಿಯಿಂದ. ಆ ಅಂಕಿಯನ್ನು ಕೇಳಿದಾಗ ಒಬ್ಬ ಹುಡುಗ ಒಳಗೆ ಹೋಗಿ ಪುಸ್ತಕ ತರಬೇಕಾಯಿತು. ತೂಕದ ವಿಷಯ ಇನ್ನೂ ಮುಖ್ಯವಾದುದು. ನಲವತ್ತು ಅಶ್ವಶಕ್ತಿಯ ಟ್ರ್ಯಾಕ್ಟರು ಎರಡು ಟನ್ನಿನ ಆಸುಪಾಸು ತೂಗಿದರೆ ಈ ಸಣ್ಣವುಗಳಲ್ಲಿ ಹಲವು ಟನ್ನಿನೊಳಗೇ ಇವೆ. ಆರೇಳುನೂರು ಕಿಲೋದವೂ ಉಂಟು. ಹಸಿ ಎರೆಯ ಮೇಲೆ ದೊಡ್ಡದು ಓಡಾಡಿದರೆ ಗಾಲಿಯ ಜಾಡಿನಲ್ಲಿ ಮಣ್ಣು ಒತ್ತಿ ಇಟ್ಟಿಗೆಯಂತಾಗುತ್ತದೆ. ಬೇರು ಇಳಿಯದ ಆ ಗೆರೆಗಳನ್ನು ತೊಗರಿಯ ಬೆಳವಣಿಗೆಯಲ್ಲೇ ಗುರುತಿಸಬಹುದು. ಹಗುರವಾದದ್ದು ಅಷ್ಟು ಒತ್ತುವುದಿಲ್ಲ, ದೊಡ್ಡದಕ್ಕಿಂತ ಮೊದಲೇ ಹೊಲಕ್ಕೆ ಇಳಿಯಬಲ್ಲದು. ಹಗುರತನಕ್ಕೆ ತೆರಬೇಕಾದ ಬೆಲೆಯೂ ಉಂಟು: ಭಾರವಾದ ಸಾಧನ ಹಿಂದೆ ಜೋತರೆ ಮೂತಿ ಏಳುತ್ತದೆ, ಒಣಗಿದ ನೆಲದಲ್ಲಿ ಗಾಲಿ ಜಾರುತ್ತದೆ. ಅದಕ್ಕೆ ಮುಂದೆ ಕಬ್ಬಿಣದ ತೂಕ ಕಟ್ಟುವುದು, ಗಾಲಿಯ ಟ್ಯೂಬಿಗೆ ನೀರು ತುಂಬುವುದು ಎಂಬ ಉಪಾಯಗಳಿವೆ. ಮಿನೆಸೋಟದ ಅಳಿಯನ ಅನುಭವ ಇದರ ತಲೆಕೆಳಗು. ಅವನ ಯಂತ್ರಕ್ಕೆ ಮುಂದೆ ಹಿಮದ ಬುಟ್ಟಿ; ಅದು ತುಂಬಿದಾಗ ಹಿಂದಿನ ಗಾಲಿಗಳು ನೆಲ ಬಿಡುತ್ತವೆಂದು ಅವನು ಹಿಂಭಾಗಕ್ಕೆ ಭಾರ ಕಟ್ಟಿ, ಗಾಲಿಗಳಿಗೆ ಸರಪಳಿ ತೊಡಿಸುತ್ತಾನೆ.

ಆದರೆ ನಮ್ಮ ಆಯ್ಕೆಯನ್ನು ಕೊನೆಗೆ ತೀರ್ಮಾನಿಸಿದ್ದು ಒಂದು ಮೊಳಕೋಲು. ತೊಗರಿಯ ಸಾಲಿನಿಂದ ಸಾಲಿಗೆ ನಮ್ಮವರು ಬಿಡುವುದು ಸಾಮಾನ್ಯವಾಗಿ ಮೂರಡಿ. ಎಡೆ ಹೊಡೆಯಬೇಕಾದರೆ ಟ್ರ್ಯಾಕ್ಟರು ಸಾಲುಗಳ ನಡುವೆ ಹಾಯಬೇಕು, ಇಲ್ಲವೇ ಸಾಲನ್ನು ಕಾಲುಗಳ ನಡುವೆ ಇಟ್ಟುಕೊಂಡು ಅದರ ಮೇಲೆ ಹಾಯಬೇಕು. ಮೇಲೆ ಹಾಯುವುದಾದರೆ ಹೊಟ್ಟೆಯಡಿಯ ತೆರಪು ಸುಮಾರು ಒಂದಡಿ. ಪೈರು ಅಷ್ಟು ಎತ್ತರವಾದ ಮೇಲೆ ಕುಡಿ ಮುರಿಯುತ್ತದೆ. ನಡುವೆ ಹಾಯುವುದಾದರೆ ಯಂತ್ರದ ಅಗಲ ಸಾಲಿನ ಅಗಲಕ್ಕಿಂತ ಕಡಿಮೆಯಿರಬೇಕು. ಇಕ್ಕಟ್ಟಾದ ಮಾದರಿಗಳ ಅಗಲವೂ ಮೂರಡಿಯನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ. ಎಂದರೆ ಮೂರಡಿಯ ಸಾಲಿನಲ್ಲಿ ಯಾವ ಟ್ರ್ಯಾಕ್ಟರೂ ನಿರಾತಂಕವಾಗಿ ಹೋಗಲಾರದು. ನಾಲ್ಕಡಿಗೆ ಸಾಲು ಬಿಟ್ಟರೆ ಸಣ್ಣದು ಹೋದೀತು. ನಾಲ್ಕಡಿಯ ಸಾಲು ತೊಗರಿಗೆ ಹೊಸತೇನೂ ಅಲ್ಲ. ಗಿಡ ಹರಡಿಕೊಳ್ಳಲು ಜಾಗ ಸಿಕ್ಕುತ್ತದೆ, ನಡುವಿನ ತೆರಪಿನಲ್ಲಿ ಒಂದು ಸಾಲು ಹೆಸರನ್ನೋ ಉದ್ದನ್ನೋ ಹಾಕಬಹುದು; ಅವು ಬೇಗ ಕೊಯ್ಲಿಗೆ ಬಂದು ದಾರಿ ಬಿಡುತ್ತವೆ. ಆದರೆ ಅವು ಹೊಲದಲ್ಲಿರುವಷ್ಟು ದಿನ ಟ್ರ್ಯಾಕ್ಟರಿಗೆ ದಾರಿಯಿಲ್ಲವಲ್ಲ! ಈ ತೊಡಕನ್ನು ನನ್ನ ಅಣ್ಣನ ಮಗನೇ ಬಿಡಿಸಿದ: ಮೂರು ಸಾಲು ಬಿಟ್ಟು ಒಂದು ತೆರಪಿನಲ್ಲಿ ಹೆಸರು ಹಾಕುವುದು, ಅಲ್ಲಿ ಆಳುಗಳಿಂದ ಕಳೆ ತೆಗೆಸುವುದು, ಉಳಿದ ತೆರಪುಗಳಲ್ಲಿ ಯಂತ್ರ.

ಇನ್ನು ರೊಕ್ಕದ ಮಾತು. ನಾಲ್ಕಡಿ ಅಗಲದ ಕುಂಟೆಯನ್ನು ಗಂಟೆಗೆ ಮೂರು ಕಿಲೋಮೀಟರಿನಂತೆ ಎಳೆದರೆ, ತಿರುವುಗಳ ಹೊತ್ತು ಸೇರಿ, ಎಕರೆಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಎರಡು ಸಲ ಹರಗುವುದು, ಒಂದು ಬಿತ್ತನೆ, ಮೂರು ಎಡೆ: ಏಳೆಕರೆಗೆ ವರ್ಷಕ್ಕೆ ಅರವತ್ತು ಚಿಲ್ಲರೆ ಗಂಟೆ. ಸಿಂಪಡಣೆ, ಸಣ್ಣ ಟ್ರಾಲಿಯ ಓಡಾಟ ಸೇರಿಸಿದರೂ ನೂರು ಮೀರದು. ಟ್ರ್ಯಾಕ್ಟರು ತನ್ನ ಬೆಲೆಗೆ ನ್ಯಾಯ ಸಲ್ಲಿಸಬೇಕಾದರೆ ವರ್ಷಕ್ಕೆ ಸಾವಿರ ಗಂಟೆ ದುಡಿಯಬೇಕೆಂದು ಕೃಷಿ ಎಂಜಿನಿಯರಿಂಗಿನ ಪುಸ್ತಕಗಳಲ್ಲಿ ಬರೆದಿರುತ್ತದೆ. ನೂರೆಲ್ಲಿ, ಸಾವಿರವೆಲ್ಲಿ! ೨೦೨೫ರ ಸೆಪ್ಟೆಂಬರ್ ೨೨ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ಶೇಕಡ ೧೨ರಿಂದ ೫ಕ್ಕೆ ಇಳಿದದ್ದು ನಿಜ. ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಹಾಯಧನಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕುವುದೂ ಉಂಟು. ಇಷ್ಟೆಲ್ಲ ಆದರೂ ಏಳೆಕರೆಯ ಮೇಲೆ ಈ ಭಾರ ಹೊರಿಸುವುದು ನನಗೆ ಸರಿತೋರಲಿಲ್ಲ. ಅದನ್ನು ಅವನಿಗೆ ನೇರವಾಗಿಯೇ ಹೇಳಿದೆ.

ಅವನು ಒಂದು ವಾರ ಸುಮ್ಮನಿದ್ದ. ಆಮೇಲೆ ಬಂದ ಸುದ್ದಿಯೆಂದರೆ, ಅವನೂ ಅವನ ದಾಯಾದಿಯೊಬ್ಬನೂ ಪಕ್ಕದ ಹೊಲದವರೊಬ್ಬರೂ ಕೂಡಿ ಮೂವರು ಸೇರಿ ಕೊಳ್ಳುವರು. ಏಳು, ಐದು, ಆರು, ಒಟ್ಟು ಹದಿನೆಂಟು ಎಕರೆ. ಹಣವನ್ನು ಎಕರೆಯ ಲೆಕ್ಕದಲ್ಲಿ ಹಂಚಿಕೊಂಡರೆ ಹೊಲವನ್ನು ಒತ್ತೆಯಿಡುವ ಪ್ರಸಂಗ ಬರುವುದಿಲ್ಲ. ಕೇಳಿ ಸಂತೋಷವಾಯಿತು; ಕೂಡಲೇ ಸಂದೇಹವೂ ಬಂದಿತು. ನಾವು ಯಂತ್ರ ಕೊಳ್ಳಹೊರಟದ್ದೇ ಹದದ ದಿನಕ್ಕಾಗಿ. ಒಂದೇ ದಿನ ಮೂವರ ಹೊಲಕ್ಕೂ ಹದ ಬಂದರೆ ಯಾರದು ಮೊದಲು? ಬಾಡಿಗೆಯವನ ಮುಂದೆ ನಿಂತ ಸಾಲು ಇಲ್ಲಿ ಮೂವರ ಸಾಲಾಯಿತೇ ಹೊರತು ತಪ್ಪಲಿಲ್ಲ. ಪಾಲುದಾರಿಕೆ ಮುರಿದು ಕೋರ್ಟು ಹತ್ತಿದ ಬಾವಿಗಳನ್ನೂ ಪಂಪುಗಳನ್ನೂ ನಮ್ಮ ಸೀಮೆ ಬೇಕಾದಷ್ಟು ಕಂಡಿದೆ.

ಉತ್ತರ ಅವರ ನೆಲದಲ್ಲೇ ಇತ್ತು. ನಾನು ಹೋಗಿ ಮೂರೂ ಹೊಲಗಳನ್ನು ಅವರೊಡನೆ ನಡೆದು ನೋಡಿದೆ. ದಾಯಾದಿಯ ಐದೆಕರೆ ಮರಡಿಯ ಮೇಲಿದೆ. ಗರಸು ಬೆರೆತ ಮಣ್ಣು, ಮಳೆಯ ಮರುದಿನವೇ ಕಾಲಿಡಬಹುದು, ಅಷ್ಟೇ ಬೇಗ ಆರುತ್ತದೆ. ಅಣ್ಣನ ಮಗನದು ಇಳಿಜಾರಿನ ನಡುವಿನ ಎರೆ. ನೆರೆಯವರ ಆರೆಕರೆ ಹಳ್ಳದ ದಂಡೆಯ ಆಳವಾದ ಎರೆ. ಅಲ್ಲಿ ಹದ ಬರುವುದು ಐದನೆಯ ದಿನಕ್ಕೆ, ಬಂದರೆ ನಾಲ್ಕು ದಿನ ನಿಲ್ಲುತ್ತದೆ. ಮೇಲಿನಿಂದ ಕೆಳಕ್ಕೆ ಟ್ರ್ಯಾಕ್ಟರು ಇಳಿದುಬಂದರೆ ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಏಳೆಕರೆಗೆ ಒಂದು ಬಾರಿ ಹತ್ತು ಹನ್ನೊಂದು ಗಂಟೆ, ಒಂದೂವರೆ ದಿನದ ಕೆಲಸ. ಮಳೆ ಮಳೆಯ ನಡುವೆ ತೆರಪು ಕಡಿಮೆಯಾದ ವರ್ಷ ಹಳ್ಳದ ಹೊಲದವರಿಗೆ ತೊಂದರೆಯಾಗಬಹುದು. ಆ ಮಾತನ್ನು ಅವರ ಮುಂದೆಯೇ ಆಡಿ, ಅಂಥ ವರ್ಷ ಅವರ ಹೊಲಕ್ಕೆ ಆಳು ಹಚ್ಚಿ ಕಳೆ ತೆಗೆಸುವ ಖರ್ಚಿನಲ್ಲಿ ಉಳಿದಿಬ್ಬರೂ ಪಾಲು ಕೊಡತಕ್ಕದ್ದೆಂದು ಒಂದು ಕಾಗದದಲ್ಲಿ ಬರೆದು ಮೂವರ ರುಜು ಹಾಕಿಸಿದೆ. ನನ್ನಿಂದ ನಡೆದ ಉಪಯುಕ್ತ ಕೆಲಸ ಅದೊಂದೇ ಎಂದು ಕಾಣುತ್ತದೆ.

ಇಪ್ಪತ್ತನಾಲ್ಕು ಅಶ್ವಶಕ್ತಿಯ, ನಾಲ್ಕು ಗಾಲಿಗಳ ಎಳೆತದ ಯಂತ್ರವೊಂದನ್ನು ತಂದರು. ಎರಡು ಒಳ್ಳೆಯ ಮಾದರಿಗಳ ನಡುವೆ ಅವರು ಅದನ್ನು ಆರಿಸಿದ್ದು ಬಿಡಿಭಾಗಗಳ ಅಂಗಡಿ ಎಲ್ಲಿದೆ, ಮೆಕ್ಯಾನಿಕ ಚೌಡಾಪುರದವರೆಗೆ ಎಷ್ಟು ಹೊತ್ತಿನಲ್ಲಿ ಬಂದಾನು ಎಂದು ವಿಚಾರಿಸಿದ ಮೇಲೆ. ಹದದ ದಿನ ಕೆಟ್ಟು ನಿಂತ ಯಂತ್ರಕ್ಕೂ ಸತ್ತ ಎತ್ತಿಗೂ ವ್ಯತ್ಯಾಸವಿಲ್ಲವೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಬೇಸಿಗೆಯ ಪಲ್ಟಿ ನೇಗಿಲಿಗೆ ಬಾಡಿಗೆಯ ದೊಡ್ಡ ಟ್ರ್ಯ‌ಾಕ್ಟರೇ ಬರುತ್ತದೆ. ಒಂಟಿ ಎತ್ತು ಇನ್ನೂ ಹಟ್ಟಿಯಲ್ಲಿದೆ. ಅದನ್ನು ಮಾರುವ ಮಾತನ್ನು ಅತ್ತಿಗೆ ಎತ್ತಗೊಡುವುದಿಲ್ಲ. ಕಾರಹುಣ್ಣಿಮೆಗೆ ಅದಕ್ಕೆ ಬಣ್ಣ ಹಚ್ಚುತ್ತಾರೆ.

ಬಿತ್ತನೆಯ ಮೊದಲು ಕಮ್ಮಾರನ ಕುಲುಮೆಗೆ ಹೋಗಿ ಟ್ರ್ಯಾಕ್ಟರಿನ ಕೂರಿಗೆಯ ತಾಳುಗಳನ್ನು ನಾಲ್ಕಡಿಗೆ ಸರಿಸಿ ಬಿಗಿಸಿಕೊಂಡು ಬಂದರು. ಮೊದಲ ಎಡೆಯ ಹೊತ್ತಿಗೆ ನಾನೂ ಅಲ್ಲಿದ್ದೆ. ಮರಡಿಯ ಹೊಲ ಎರಡನೆಯ ದಿನ ಮುಗಿಯಿತು. ನಡುವಿನದು ನಾಲ್ಕನೆಯ ದಿನ. ಹಳ್ಳದ ಹೊಲದ ಅಂಚಿಗೆ ಬಂದಾಗ ಅಣ್ಣನ ಮಗ ಇಳಿದು, ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಬಿಗಿದು ನೋಡಿದ. ಮುದ್ದೆಯಾಯಿತು. “ಇನ್ನೊಂದು ದಿನ ತಡೀರಿ ಗೌಡ್ರೇ” ಎಂದು ಹೊಲದವರಿಗೆ ಹೇಳಿ, ಯಂತ್ರವನ್ನು ಬದುವಿನ ಬೇವಿನ ಮರದ ಕೆಳಗೆ ನಿಲ್ಲಿಸಿದ. ಗಾಲಿಗೆ ಮೆತ್ತಿದ್ದ ಎರೆಯನ್ನು ಮೂವರೂ ಕೂತು ಕೋಲಿನಿಂದ ಕೆರೆದು ತೆಗೆದರು.